ಮೂರರಲ್ಲೊಂದು ಒಳ್ಳೆಯ ರೀಡಿಂಗ್

ಸುದ್ದಿ ನನಗೆ ತಿಳಿದದ್ದು ಇಂಡಿಯನ್ ಅಂಗಡಿಯಲ್ಲಿ, ಬದನೆಕಾಯಿ ಆರಿಸುತ್ತಿದ್ದಾಗ. ಫೋನು ಟಿಂಗ್ ಎಂದಿತು. ಆಸ್ಪತ್ರೆಯ ಆ್ಯಪ್ ನನ್ನ ಟೆಸ್ಟ್ ರಿಸಲ್ಟ್ ಬಂದಿದೆ ಅಂತ ಹೇಳುತ್ತಿತ್ತು. ಈಗೀಗ ಇಲ್ಲಿ ಹಾಗೆಯೇ, ಎಷ್ಟೋ ಸಲ ಡಾಕ್ಟರು ನೋಡುವ ಮೊದಲೇ ರಿಸಲ್ಟು ರೋಗಿಯ ಕೈಗೆ ಬಂದು ಬೀಳುತ್ತದೆ. ಹಣೆಯ ಮೇಲಿದ್ದ ಕನ್ನಡಕ ಇಳಿಸಿಕೊಂಡು ಓದಿದೆ. ಹಿಂದಿನ ದಿನ ಮಾಡಿಸಿದ ಹೃದಯದ ಸ್ಕ್ಯಾನು. ಒಂದೊಂದು ಬಡಿತಕ್ಕೂ ಹೃದಯ ತನ್ನಲ್ಲಿರುವ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲನ್ನು ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ ಅದರಲ್ಲಿರುತ್ತದೆ. ಅರವತ್ತರ ಹತ್ತಿರ ಇರಬೇಕಾದ ಕಡೆ ನನ್ನದು ಇಪ್ಪತ್ತೆಂಟು ಇತ್ತು.

ಆ ಸಂಖ್ಯೆ ನನಗೆ ಹೊಸದಲ್ಲ. ರಿಸರ್ಚ್ ಪಾರ್ಕಿನ ಒಂದು ಕಂಪನಿಯಲ್ಲಿ ನಾನು ಮೂವತ್ತು ವರ್ಷ ಕೆಲಸ ಮಾಡಿದ್ದು ಇಂಥ ಸಂಖ್ಯೆಗಳ ಮೇಲೇ. ಹೊಸ ಔಷಧಿಗಳನ್ನು ಪ್ರಯೋಗ ಮಾಡುವ ಆಸ್ಪತ್ರೆಗಳಿಂದ ಬರುವ ಡೇಟಾದಲ್ಲಿ ಸುಳ್ಳು ಹುಡುಕುವುದು ನನ್ನ ಕೆಲಸ. ಬಿ.ಪಿ. ರೀಡಿಂಗುಗಳೆಲ್ಲ ಸೊನ್ನೆಯಲ್ಲೇ ಮುಗಿದಿವೆಯಾ, ಯಾರೋ ಕೂತಲ್ಲೇ ಬರೆದಿದ್ದಾರೆ. ರೋಗಿಯ ತೂಕ ಆರು ತಿಂಗಳು ಒಂದು ಗ್ರಾಮೂ ಅಲ್ಲಾಡಿಲ್ಲವಾ, ಯಾರೂ ತೂಕ ನೋಡಿಲ್ಲ. ಆಫೀಸಿನಲ್ಲಿ ನನಗೆ 'ಪೊಲೀಸ್ ಲಲಿತಾ' ಅಂತ ಹೆಸರಿತ್ತು, ಅದು ನನಗೆ ಇಷ್ಟವೂ ಆಗಿತ್ತು. ಇಪ್ಪತ್ತೆಂಟರವರನ್ನು ನಾನು ನೂರಾರು ಜನ ನೋಡಿದ್ದೆ. ಅವರಿಗೆ ಯಾರಿಗೂ ಹೆಸರಿರಲಿಲ್ಲ, ಬರೀ ನಂಬರ್ ಇತ್ತು.

ಬದನೆಕಾಯಿ ಆರಿಸುವುದನ್ನು ಮುಗಿಸಿದೆ. ತೂತು ಇದೆಯಾ ಅಂತ ಒಂದೊಂದನ್ನೂ ತಿರುಗಿಸಿ ನೋಡಿದ್ದು ನೆನಪಿದೆ. ಶ್ರೀಧರ, ನನ್ನ ಗಂಡ, ಕೊತ್ತಂಬರಿ ಕಟ್ಟು ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದರು. ಕಾರಿನಲ್ಲಿ ಕೂತ ಮೇಲೆ ಫೋನು ತೋರಿಸಿದೆ. ಅದು ಏಪ್ರಿಲ್, ಕ್ಯಾರೊಲಿನಾದ ನಮ್ಮ ಊರು ಕ್ಯಾರಿಯಲ್ಲಿ ಪೈನ್ ಮರಗಳ ಪಾಲನ್, ಅಂದರೆ ಹಳದಿ ಪರಾಗದ ಪುಡಿ, ಕಾರಿನ ಮೇಲೆ, ಮೇಲ್ ಬಾಕ್ಸ್ ಮೇಲೆ ಎಲ್ಲಾ ಕೂರುವ ಕಾಲ. ಎರಡು ತಿಂಗಳಿಂದ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿದ್ದುದಕ್ಕೆ ನಾನು ಆ ಪುಡಿಯನ್ನೇ ಬೈಯುತ್ತಿದ್ದೆ.

"ಪಾಲನ್ ಅಲ್ವಾ ಹಾಗಾದ್ರೆ?" ಎಂದು ಕೇಳಿದರು.

"ಅಲ್ಲ."

ಅವರು ಕಾರು ಹೊರಡಿಸಿದರು. ಮನೆಗೆ ಬರುವವರೆಗೂ ಬಲಗಡೆ ಇಂಡಿಕೇಟರ್ ಹಾಗೇ ಟಿಕ್ ಟಿಕ್ ಅನ್ನುತ್ತಿತ್ತು. ನಲವತ್ತು ವರ್ಷದ ಸಂಸಾರದಲ್ಲಿ ಅವರ ಡ್ರೈವಿಂಗಿಗೆ ನಾನು ಏನೂ ಅನ್ನದೇ ಕೂತ ಒಂದೇ ದಿನ ಅದು.

ಕಾಯಿಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಬೇಕಾದವರಿಗೆ ಎಲ್ಲೆಡೆ ಸಿಗುತ್ತದೆ. ಹೃದಯದ ಸ್ನಾಯು ಸೋತಿತ್ತು, ಮಾತ್ರೆ ಕೊಟ್ಟರು, ಉಪ್ಪು ಬಿಡಿ ಎಂದರು. ಜೊತೆಗೆ ಒಂದು ಡಬ್ಬಿ ಮನೆಗೆ ಬಂತು. ಅದರಲ್ಲಿ ತೋಳಿಗೆ ಸುತ್ತುವ ಬಿ.ಪಿ. ಪಟ್ಟಿ ಮತ್ತು ನಿಂತು ತೂಕ ನೋಡುವ ಸ್ಕೇಲು, ಎರಡೂ ಫೋನಿಗೆ ಜೋಡಿಸಿದಂಥವು. ದಿನಾ ಬೆಳಿಗ್ಗೆ ನೋಡಿದರೆ ಸಂಖ್ಯೆ ಆ್ಯಪ್ ಮೂಲಕ ಕ್ಲಿನಿಕ್ಕಿನ ನರ್ಸ್ ಡೆನೀಸ್ ಹತ್ತಿರ ಹೋಗುತ್ತದೆ. ಸರಿ ಇದ್ದರೆ ಹಸಿರು, ಸ್ವಲ್ಪ ಆಚೀಚೆ ಇದ್ದರೆ ಹಳದಿ, ಅಪಾಯ ಅನ್ನಿಸಿದರೆ ಕೆಂಪು. ತೂಕ ಯಾಕೆಂದರೆ, ಹೃದಯ ಸೋತರೆ ಮೈಯಲ್ಲಿ ನೀರು ನಿಲ್ಲುತ್ತದೆ, ಅದು ಮೊದಲು ಗೊತ್ತಾಗುವುದು ತೂಕದಲ್ಲಿ.

ಆ್ಯಪ್ ಹಾಕಿಕೊಟ್ಟದ್ದು ಮಗಳು ಅನಘಾ. ಅವಳು ಇರುವುದು ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ, ಇಲ್ಲಿಂದ ಐದು ಗಂಟೆಯ ದಾರಿ. ಅದೇ ಬಣ್ಣ ತನ್ನ ಫೋನಿಗೂ ಬರುವಂತೆ ಮಾಡಿಕೊಂಡಿದ್ದಳು. ಎರಡನೇ ವಾರ ಒಂದು ಬೆಳಿಗ್ಗೆ ಕಾಫಿ ವಿಷಯಕ್ಕೆ ನನಗೂ ಶ್ರೀಧರರಿಗೂ ಜಗಳವಾಯಿತು. ಜಗಳದ ಮಧ್ಯೆಯೇ ಬಿ.ಪಿ. ನೋಡಿಕೊಂಡೆ, ಕೆಂಪು ಹೋಯಿತು. ಡೆನೀಸ್ ಫೋನ್ ಮಾಡಿ ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ ಎಂದಳು, ಸರಿ ಹೋಯಿತು. ಆದರೆ ಅಷ್ಟರಲ್ಲಿ ಅನಘಾ ಮೀಟಿಂಗಿನಿಂದ ಎದ್ದು ಕಾರು ಹತ್ತಿದ್ದಳು. ಮಧ್ಯಾಹ್ನ ಬಂದು, ನನ್ನ ಕೈಯ ಹುಳಿಯನ್ನ ಉಂಡು, ಮರುದಿನ ಕೆಲಸವಿದೆ ಅಂತ ಸಂಜೆಯೇ ವಾಪಸು ಹೊರಟಳು. ದಾರಿಯಲ್ಲಿ ಕಣ್ಣು ಮುಚ್ಚಿಹೋಯಿತಂತೆ. ರಸ್ತೆಯಂಚಿನ ಗೀರುಗಳ ಮೇಲೆ ಚಕ್ರ ಗರ್ ಅಂದಾಗ ಎಚ್ಚರವಾಯಿತಂತೆ. ಇದನ್ನು ಅವಳು ಹೇಳಿದ್ದು ವಾರದ ನಂತರ, ನಗುತ್ತಾ. ನಾನು ನಗಲಿಲ್ಲ. ಇನ್ನು ಮೇಲೆ ಈ ಮಗುವಿನ ಫೋನಿಗೆ ಹಸಿರು ಬಿಟ್ಟು ಬೇರೆ ಬಣ್ಣ ಹೋಗಕೂಡದು ಅಂತ ಅವತ್ತೇ ನಿಶ್ಚಯಿಸಿದೆ.

ಹೇಗೆ ಅನ್ನುವುದು ಗೊತ್ತಾಗಿದ್ದು ಟಾಂಗ್ ಅವರಿಂದ.

ಹೃದಯ ಸೋತವರನ್ನು ಕಣ್ಗಾವಲಿನಲ್ಲಿ ನಡೆಸಿ, ಸೈಕಲ್ ತುಳಿಸಿ ಸುಧಾರಿಸುವ ಜಾಗ ಒಂದಿದೆ, ರಿಹ್ಯಾಬ್ ಅನ್ನುತ್ತಾರೆ. ವಾರಕ್ಕೆ ಮೂರು ದಿನ ಹೋಗಬೇಕು. ಪಾರ್ಕಿಂಗ್ ಲಾಟ್ ಕಡೆ ಮುಖ ಮಾಡಿದ ಎಂಟು ಟ್ರೆಡ್‌ಮಿಲ್ಲು, ಎದೆಗೆ ವೈರು. ಪಕ್ಕದ ಟ್ರೆಡ್‌ಮಿಲ್ಲಿನಲ್ಲಿ ಎಪ್ಪತ್ತೈದರ ಹತ್ತಿರದ ಚೀನೀ ಹೆಂಗಸು, ಹೂವಿನ ಅಂಗಿ, ಬಿಳಿ ಬಾಬ್ ಕಟ್, ನನಗಿಂತ ಅರ್ಧ ಅಡಿ ಗಿಡ್ಡ, ನನಗಿಂತ ಎರಡು ಪಟ್ಟು ವೇಗ. ಇಂಗ್ಲಿಷ್ ಬರುತ್ತಿದ್ದುದು ಹತ್ತಿಪ್ಪತ್ತು ಪದ. ಆದರೆ ಅವರ ಫೋನಿನಲ್ಲಿ ಮಾತನ್ನು ಭಾಷಾಂತರ ಮಾಡುವ ಆ್ಯಪ್ ಇತ್ತು. ಅದರಲ್ಲಿ ಕನ್ನಡವೂ ಇದೆ ಅಂತ ಹುಡುಕಿಕೊಟ್ಟವಳು ನಾನು. ಅವರು ಚೀನೀ ಭಾಷೆಯಲ್ಲಿ ಏನೋ ಹೇಳಿದರು. ಫೋನು ರೇಡಿಯೋ ವಾರ್ತೆ ಓದುವವರ ಹಾಗೆ, "ತಾವು ಯಾವ ಕಾರಣದಿಂದ ಇಲ್ಲಿಗೆ ಆಗಮಿಸಿದ್ದೀರಿ?" ಎಂದಿತು. ನನಗೆ ಎಷ್ಟು ನಗು ಬಂತೆಂದರೆ ಎದೆಯ ವೈರು ಕಿತ್ತುಬಂದು ಮಾನಿಟರ್ ಕೂಗಿಕೊಂಡಿತು. ನಮ್ಮ ಸ್ನೇಹ ಆವತ್ತು ಶುರುವಾಯಿತು.

ಅವರನ್ನು 'ಟಾಂಗ್ ದಾಜ್ಯೇ' ಅಂತ ಕರೆಯಬೇಕು ಎಂದು ಅವರೇ ಕಲಿಸಿದರು. ದಾಜ್ಯೇ ಅಂದರೆ ದೊಡ್ಡಕ್ಕ. ನನ್ನನ್ನು ಅವರು 'ಲಾಲಿ' ಎಂದರು. ನಮ್ಮೂರಿನಲ್ಲಿ ಚಿಕ್ಕಂದಿನ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ, ಹಾಗಾಗಿ ಅದು ನನಗೆ ಹಿತವಾಗಿತ್ತು.

ರಿಹ್ಯಾಬಿನ ಪಕ್ಕದ ಕೋಣೆಯಲ್ಲಿ ಬುಧವಾರ ಬುಧವಾರ ಹಿರಿಯರಿಗೆ ಆಸ್ಪತ್ರೆಯ ಆ್ಯಪ್ ಬಳಸಲು ಕಲಿಸುವ ಕ್ಲಾಸು. ಹೇಳಿಕೊಡುತ್ತಿದ್ದದ್ದು ರಿಟೈರ್ ಆದ ಒಬ್ಬ ಸ್ಕೂಲ್ ಟೀಚರು. ಬರುವವರಲ್ಲಿ ಮುಕ್ಕಾಲು ಪಾಲು ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದು ಇಲ್ಲೇ ಉಳಿದ ಚೀನೀ ಅಜ್ಜ ಅಜ್ಜಿಯರು. ನಾನು ಸಹಾಯ ಮಾಡೋಣ ಅಂತ ಸ್ವಲ್ಪ ಜಂಬದಿಂದಲೇ ಹೋದೆ. ಪಾಪ, ಇವರಿಗೆ ಫೋನ್ ಬರುವುದಿಲ್ಲ ಅಂದುಕೊಂಡಿದ್ದೆ. ಐದು ನಿಮಿಷದಲ್ಲಿ ಜಂಬ ಇಳಿಯಿತು. ತಮ್ಮ ಚೀನೀ ಆ್ಯಪಿನಲ್ಲಿ ಅವರು ಊರಿನ ಅಂಗಡಿಗೆ ದುಡ್ಡು ಕಳಿಸುತ್ತಾರೆ, ತಂಗಿಯ ಮೊಣಕಾಲಿನ ಎಕ್ಸ್‌ರೇ ತರಿಸಿಕೊಂಡು ನೋಡುತ್ತಾರೆ, ಹತ್ತು ಜನ ಒಟ್ಟಿಗೆ ಹಾಡು ಹೇಳುತ್ತಾರೆ. ಟೈಪ್ ಮಾಡುವ ಗೋಜೇ ಇಲ್ಲ, ಒತ್ತಿ ಹಿಡಿದು ಮಾತಾಡಿದರೆ ಆಯಿತು. ಈ ಆಸ್ಪತ್ರೆಯ ಆ್ಯಪೇ ಅವರಿಗೆ ಒಗ್ಗದಿದ್ದದ್ದು. ಅದು ಒಳಗೆ ಬಿಡಬೇಕಾದರೆ ಒಂದು ಕೋಡ್ ಕೇಳುತ್ತದೆ. ಅಕೌಂಟ್ ಮಾಡಿಕೊಟ್ಟವರು ಮಕ್ಕಳು, ಹಾಗಾಗಿ ಕೋಡ್ ಹೋಗುವುದು ಮಕ್ಕಳ ಫೋನಿಗೆ. ಮಕ್ಕಳು ಮೀಟಿಂಗಿನಲ್ಲಿ. ಅವರು ಕೋಡ್ ಓದಿ ಹೇಳುವಷ್ಟರಲ್ಲಿ ಅದು ಸತ್ತಿರುತ್ತದೆ. ಕೋಣೆಯ ತುಂಬ ಅಜ್ಜ ಅಜ್ಜಿಯರು ಫೋನು ಕಿವಿಗಿಟ್ಟುಕೊಂಡು ಮಗಳು ಎತ್ತುವುದನ್ನೇ ಕಾಯುತ್ತಾ ಕೂತಿರುತ್ತಿದ್ದರು.

"ನಿಮ್ಮ ನಂಬರನ್ನೇ ಹಾಕಿಸಿಕೊಳ್ಳಬೇಕಪ್ಪ," ಎಂದು ಬುದ್ಧಿ ಹೇಳಿ, ತೋರಿಸಲು ನನ್ನ ಆ್ಯಪ್ ತೆರೆದೆ. ಕೋಡ್ ಕೇಳಿತು. ಕೋಡ್ ಅನಘಾಗೆ ಹೋಗಿತ್ತು. ಟಾಂಗ್ ದಾಜ್ಯೇ ಪಕ್ಕದ ಕುರ್ಚಿ ಎಳೆದು, ಬಾ, ಕೂತು ಕಾಯಿ ಅನ್ನುವ ಹಾಗೆ ತಟ್ಟಿದರು.

ಹೀಗೆ ಕಾಯುವಾಗಲೇ ಅವರು ತಮ್ಮ ನೋಟ್‌ಬುಕ್ ತೋರಿಸಿದ್ದು. ಚೌಕುಳಿ ಹಾಳೆ, ಪೆನ್ಸಿಲು. ದಿನಕ್ಕೆ ಮೂರು ಬಿ.ಪಿ. ರೀಡಿಂಗು, ಒಂದರ ಸುತ್ತ ವೃತ್ತ. ವೃತ್ತ ಹಾಕಿದ್ದು ಯಾವಾಗಲೂ ಮೂರರಲ್ಲಿ ಒಳ್ಳೆಯದು. ಬಿ.ಪಿ. ಪಟ್ಟಿ ಪ್ರತಿ ಸಲ 'ಕಳಿಸಲೇ, ಅಳಿಸಲೇ' ಎಂದು ಕೇಳುತ್ತದೆ. ಒಳ್ಳೆಯದು ಬಂದಾಗ ಮಾತ್ರ ಕಳಿಸು ಒತ್ತುವುದು.

"ನಿಜ ಇಲ್ಲಿದೆ," ಎಂದು ಪುಸ್ತಕ ಮುಟ್ಟಿ ತೋರಿಸಿದರು. ಆಮೇಲೆ ಫೋನನ್ನು ಮುಟ್ಟಿ ಹೇಳಿದ್ದನ್ನು ಅದು ಹೀಗೆ ಓದಿತು: "ಇದನ್ನು ನನ್ನ ಪುತ್ರಿಯು ವೀಕ್ಷಿಸುತ್ತಾಳೆ. ಆಕೆಗೆ ಬಹಳ ಕಾರ್ಯಭಾರವಿದೆ."

ಡೇಟಾ ಪೊಲೀಸ್ ಆದ ನಾನು ಅವರನ್ನು ಅಲ್ಲೇ ತರಾಟೆಗೆ ತೆಗೆದುಕೊಳ್ಳಬೇಕಿತ್ತು. ಬದಲಿಗೆ ನನಗೆ ಹೊಟ್ಟೆ ತಣ್ಣಗಾಯಿತು. ನಮ್ಮಮ್ಮ ಮೈಸೂರಿನಿಂದ ಬರೆಯುತ್ತಿದ್ದ ಕಾಗದಗಳೆಲ್ಲ 'ಉಭಯ ಕುಶಲೋಪರಿ' ಎಂದೇ ಶುರುವಾಗುತ್ತಿದ್ದವು. ಅವಳಿಗೆ ಕಣ್ಣಿನ ಆಪರೇಷನ್ ಆದದ್ದು ನನಗೆ ಗೊತ್ತಾದದ್ದು ಒಂದು ವರ್ಷದ ಮೇಲೆ, ಬೇರೆಯವರಿಂದ. ದೂರದಲ್ಲಿರುವ ಮಕ್ಕಳಿಗೆ ಒಳ್ಳೆಯ ಸುದ್ದಿ ಮಾತ್ರ ಕಳಿಸುವುದು ಪ್ರೀತಿ ಅಂತಲೇ ನಾನು ಬೆಳೆದದ್ದು. ದಾಜ್ಯೇಯ ಮನೆಯಲ್ಲೂ ಹಾಗೇ ಅಂತೆ.

ಬಿ.ಪಿ. ಆಯಿತು, ತೂಕಕ್ಕೇನು ಮಾಡುವುದು, ಸ್ಕೇಲು ಕೇಳದೇ ಕಳಿಸಿಬಿಡುತ್ತದಲ್ಲ ಎಂದೆ. ಟಾಂಗ್ ದಾಜ್ಯೇ ನಕ್ಕರು. ಅನ್ಹುಯಿ ಪ್ರಾಂತ್ಯದ ಒಂದು ಸರ್ಕಾರಿ ಧಾನ್ಯದ ಡಿಪೋದಲ್ಲಿ ಅವರು ಇಪ್ಪತ್ತಾರು ವರ್ಷ ಗೋಧಿ ತೂಕ ಹಾಕುವ ಕೆಲಸ ಮಾಡಿದ್ದರು. ಗೋಧಿಗೆ ನೀರು ಚಿಮುಕಿಸಿ ತರುವವರು, ತಕ್ಕಡಿಯ ಅಂಚಿಗೆ ಕಾಲು ಊರುವವರು, ಎಲ್ಲರನ್ನೂ ಹಿಡಿದವರು. ಅಂಥವರು ಎದ್ದು ನಿಂತು, ಗೋಡೆಯ ಹಲಗೆಗೆ ಎರಡು ಬೆರಳು ಆನಿಸಿ ತೋರಿಸಿದರು. ಸ್ಕೇಲಿನ ಮೇಲೆ ನಿಂತಾಗ ಪಕ್ಕದ ಸಿಂಕಿನ ಕಟ್ಟೆಗೆ ಕೈ ಊರಿದರೆ ಮೂರ್ನಾಲ್ಕು ಪೌಂಡು ಕಮ್ಮಿ. ಗಟ್ಟಿಯಾಗಿ ಊರಿದರೆ ಇನ್ನೂ ಕಮ್ಮಿ.

ಜೀವನವೆಲ್ಲ ಕಳ್ಳರನ್ನು ಹಿಡಿದ ಇಬ್ಬರು ಹೆಂಗಸರು ಹೀಗೆ ಕಳ್ಳರಾದೆವು.

ಬೇಸಿಗೆ ಚೆನ್ನಾಗಿ ಕಳೆಯಿತು, ಬಿ.ಪಿ. ಒಂದನ್ನು ಬಿಟ್ಟರೆ ನಾನು ಸುಳ್ಳು ಹೇಳುವ ಅಗತ್ಯ ಹೆಚ್ಚು ಬೀಳಲಿಲ್ಲ. ಶ್ರೀಧರ ಅಡುಗೆ ವಹಿಸಿಕೊಂಡರು. ಉಪ್ಪಿಲ್ಲದ ಸಾರಿಗೆ ನಿಂಬೆಹಣ್ಣು, ಮೆಣಸು, ಇಂಗು ಸುರಿದು, ನನ್ನ ಮುಖ ನೋಡಿಕೊಂಡು ನಿಲ್ಲುತ್ತಿದ್ದರು. "ಹೇಗಿದೆ?" ಎಂದರೆ "ಬಿಸಿಯಾಗಿದೆ" ಅನ್ನುತ್ತಿದ್ದೆ. ಅವರು ತಮ್ಮ ತಟ್ಟೆಗೂ ಉಪ್ಪು ಹಾಕಿಕೊಳ್ಳಲಿಲ್ಲ, ಒಂದು ದಿನವೂ. ಬೆಳಿಗ್ಗೆ ಹಸಿರು ಹೋದ ಎರಡು ನಿಮಿಷಕ್ಕೆ ಅನಘಾಳಿಂದ ಒಂದು ಕೆಂಪು ಹೃದಯ ಬರುತ್ತಿತ್ತು. ಕೆಲವು ದಿನ ಜೊತೆಗೆ ಒಂದು ಸಾಲು: "ಅಮ್ಮ, ನಂಬರ್ಸ್ ಸೂಪರ್." ಮೊದಲು ವಾರಕ್ಕೊಮ್ಮೆ ಮಾತಾಡುತ್ತಿದ್ದ ಮಗಳು ಈಗ ದಿನಾ ಬೆಳಿಗ್ಗೆ ನನ್ನನ್ನು ಹೊಗಳುತ್ತಿದ್ದಳು. ಆ ಹೃದಯಕ್ಕಾಗಿ ನಾನು ಕಾಯುತ್ತಿದ್ದೆ ಅನ್ನುವುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಅಕ್ಟೋಬರಿನಲ್ಲಿ ತೂಕ ಏರಲು ಶುರುವಾಯಿತು. ನವರಾತ್ರಿಗೆ ಅವರಿವರ ಮನೆಗೆ ಗೊಂಬೆ ನೋಡಲು ಹೋಗಿ ಉಸುಲಿ, ಉಪ್ಪಿನಕಾಯಿ ತಿಂದಿದ್ದೆ, ಅದು ಕಾರಣ ಅಂದುಕೊಂಡೆ. ಎರಡು ಪೌಂಡು, ಕೈ ಊರಿದೆ. ನಾಲ್ಕು, ಗಟ್ಟಿಯಾಗಿ ಊರಿದೆ. ನಾಳೆ ಇಳಿಯುತ್ತದೆ, ಇಳಿದ ಮೇಲೆ ನಿಜವಾದದ್ದನ್ನೇ ಕಳಿಸಿದರಾಯಿತು ಅಂತ ದಿನಾ ಅಂದುಕೊಳ್ಳುವುದು. ಮಲಗಿದರೆ ಉಸಿರು ಸಿಗದೇ ಒಂದು ದಿಂಬು ಎರಡಾಯಿತು, ಎರಡು ಮೂರಾಯಿತು. ಆಮೇಲೆ ಹಾಸಿಗೆಯಲ್ಲಿ ಮಲಗಲು ಆಗದೇ ಹಾಲ್‌ನಲ್ಲಿದ್ದ ಒರಗುಕುರ್ಚಿಗೆ ಬಂದೆ.

"ಯಾಕೆ ಇಲ್ಲಿ?" ಎಂದು ಶ್ರೀಧರ ಕೇಳಿದರು.

"ಬೆನ್ನು ನೋವು. ಇದು ಚೆನ್ನಾಗಿದೆ."

ಅವರು ಬೆನ್ನಿಗೆ ಬಿಸಿನೀರಿನ ಚೀಲ ತಂದುಕೊಟ್ಟರು. ನೋವಿಲ್ಲದ ಬೆನ್ನಿಗೆ ಅದನ್ನಿಟ್ಟುಕೊಂಡು ಕೂತೆ. ಫೋನಿನಲ್ಲಿ ಮಾತ್ರ ನನ್ನ ಆರೋಗ್ಯ ತುಂಬ ಚೆನ್ನಾಗಿತ್ತು, ಹನ್ನೊಂದು ದಿನ ಸತತ ಹಸಿರು. ನನ್ನ ಕೆಲಸದ ದಿನಗಳಲ್ಲಿ ಇಂಥ ಡೇಟಾ ಕಂಡಿದ್ದರೆ ಆ ಆಸ್ಪತ್ರೆಗೆ ವಿಮಾನ ಹತ್ತಿ ಹೋಗಿ ತನಿಖೆ ಮಾಡುತ್ತಿದ್ದೆ.

ಆ ಬುಧವಾರ ನನ್ನ ಶೂ ಕಾಲಿಗೆ ಹತ್ತಲಿಲ್ಲ. ಏನೇನೋ ನೆಪ ಹೇಳಿ ಒಂದು ವಾರದಿಂದ ತಪ್ಪಿಸಿದ್ದ ರಿಹ್ಯಾಬಿಗೆ ಶ್ರೀಧರರ ಚಪ್ಪಲಿ ಹಾಕಿಕೊಂಡು ಹೋದೆ. ಬಾಗಿಲಿಂದ ಕುರ್ಚಿಯವರೆಗೆ ನಡೆಯಲು ಒಮ್ಮೆ ನಿಲ್ಲಬೇಕಾಯಿತು. ಟಾಂಗ್ ದಾಜ್ಯೇ ಮೊದಲು ನೋಡಿದ್ದು ಚಪ್ಪಲಿಯನ್ನು. ಬಂದು ನನ್ನ ಮುಂದೆ ನೆಲದ ಮೇಲೆ ಕೂತು, ಸಲ್ವಾರ್ ಮೇಲೆ ಸರಿಸಿ, ಮೊಣಕಾಲಿನ ಕೆಳಗೆ ಹೆಬ್ಬೆಟ್ಟು ಒತ್ತಿದರು. ತೆಗೆದಾಗ ಕುಳಿ ಹಾಗೇ ಉಳಿಯಿತು. ನಾವಿಬ್ಬರೂ ಆ ಕುಳಿಯನ್ನು ನೋಡುತ್ತಾ ಕೂತೆವು, ಅದು ತುಂಬಿಕೊಳ್ಳಲೇ ಇಲ್ಲ.

ಅವರು ಫೋನು ತೆಗೆದು ಮಾತಾಡಿದರು. "ಎಷ್ಟು?" ಎಂದಿತು ಫೋನು.

"ಸರಿಯಾಗಿ ಗೊತ್ತಿಲ್ಲ. ಹತ್ತು ಪೌಂಡಿರಬಹುದು," ಎಂದೆ. ಹೇಳಿದ ಮೇಲೆ ಭಯವಾಯಿತು. ಅಲ್ಲಿಯವರೆಗೆ ಅದನ್ನು ಬಾಯಿಬಿಟ್ಟು ನನಗೆ ನಾನೂ ಹೇಳಿಕೊಂಡಿರಲಿಲ್ಲ.

"ಕೈ ಎಷ್ಟು ಭಾರವಾಗಿ ಊರಿದಿರಿ?"

"ಪೂರ್ತಿ."

ಅವರು ಎದ್ದು, ಅಲ್ಲೇ ಮೂಲೆಯಲ್ಲಿ ನರ್ಸ್ ಡೆನೀಸ್ ಕೂರುವ ಮೇಜಿನ ಕಡೆ ಹೊರಟರು. ಏನು ಮಾಡಲಿದ್ದಾರೆ ಅಂತ ನನಗೆ ಗೊತ್ತಾಯಿತು. "ದಾಜ್ಯೇ, ಬೇಡ, ಮಗಳಿಗೆ ಗೊತ್ತಾಗತ್ತೆ," ಎಂದು ಕನ್ನಡದಲ್ಲೇ ಕೂಗಿದೆ. ಅವರು ತಿರುಗಲಿಲ್ಲ. ನರ್ಸುಗಳ ಜೊತೆ ಮಾತಾಡುವುದೆಂದರೆ ಅವರಿಗೆ ಆಗುತ್ತಿರಲಿಲ್ಲ, ಎಲ್ಲದಕ್ಕೂ ನಗು, 'ಗುಡ್, ಗುಡ್', ಅಷ್ಟೇ. ಅಂಥವರು ಮೇಜಿನ ಮೇಲೆ ತಮ್ಮ ನೋಟ್‌ಬುಕ್ ತೆರೆದಿಟ್ಟರು. ಒಂದೊಂದು ವೃತ್ತಕ್ಕೂ ಬೆರಳಿಟ್ಟು, ಆಮೇಲೆ ವೃತ್ತವಿಲ್ಲದ ಎರಡೆರಡು ಸಂಖ್ಯೆಗೂ ಬೆರಳಿಟ್ಟು ತೋರಿಸಿದರು. ಬಳಿಕ ನೆಟ್ಟಗೆ ನಿಂತು, ಮೇಜಿಗೆ ಕೈ ಊರಿ, ನನ್ನ ಕಡೆ ತೋರಿಸಿದರು. ಫೋನು ಈ ಸಲ ಇಂಗ್ಲಿಷಿನಲ್ಲಿ ಹೇಳಿತು: ಅವಳ ತೂಕ ಸುಳ್ಳು. ಅವಳಿಗೆ ಕಲಿಸಿದವಳು ನಾನು. ಅವಳ ಕಾಲು ನೋಡಿ.

ಡೆನೀಸ್ ದಪ್ಪನೆಯ, ನಿಧಾನದ ಹೆಂಗಸು, ಕ್ಯಾರೊಲಿನಾದ ಹಳ್ಳಿಯವಳು, ಎಲ್ಲರನ್ನೂ 'ಹನಿ' ಅನ್ನುವವಳು. ಅವಳು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಕಾರಿಡಾರಿನಲ್ಲಿ ತಳ್ಳಿಕೊಂಡು ಹೋಗುವಾಗ ಹಿಂದಿನಿಂದ, "ಹನಿ, ಐ ಆ್ಯಮ್ ಸೋ ಮ್ಯಾಡ್ ಅಟ್ ಯೂ," ಎನ್ನುತ್ತಿದ್ದಳು. ಹೆಗಲ ಮೇಲಿಟ್ಟ ಕೈ ಮಾತ್ರ ತೆಗೆಯಲಿಲ್ಲ.

ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ಹನ್ನೆರಡು ಪೌಂಡು ನೀರು ಇಳಿಸಿದರು. ಇನ್ನೆರಡು ದಿನ ಬಿಟ್ಟಿದ್ದರೆ ಕಷ್ಟವಾಗುತ್ತಿತ್ತು ಎಂದು ಡಾಕ್ಟರು ಹೇಳಿದರು. ಮೊದಲ ದಿನವೆಲ್ಲ ನಾನು ದಾಜ್ಯೇಯನ್ನು ಮನಸ್ಸಿನಲ್ಲೇ ಬೈದೆ. ಎರಡನೇ ದಿನ ಬೆಳಿಗ್ಗೆ ಒಂದೇ ದಿಂಬಿನ ಮೇಲೆ ಎಚ್ಚರವಾಯಿತು. ಉಸಿರು ತಾನಾಗಿ ಹೋಗಿ ಬರುತ್ತಿತ್ತು. ಬೈಗುಳ ಅಲ್ಲಿಗೆ ನಿಂತಿತು.

ಶ್ರೀಧರ ಒಂದೇ ಮಾತು ಹೇಳಿದರು. "ಬೆನ್ನು ನೋವು ಅಂದಿದ್ದೆ ನೀನು. ಚೀಲ ಬಿಸಿ ಸಾಕಾ ಅಂತ ಕೇಳಿದೆ, ಸಾಕು ಅಂದೆ." ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿಕೊಂಡರು. ನಾನು ಅವರಿಗೆ ಮಾಡಿದ್ದು ದೊಡ್ಡ ತಪ್ಪು, ಅದನ್ನು ಅವತ್ತೇ ಹೇಳಿದೆ, ಇಲ್ಲೂ ಬರೆಯುತ್ತಿದ್ದೇನೆ.

ಅನಘಾ ಬಂದಳು. ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಬೂಟು ಬಿಚ್ಚಿ, ಹಾಸಿಗೆಯ ಅಂಚಿನಲ್ಲಿ ಕೂತು, ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡಳು.

"ನಾನು ಎವೆರಿ ಮಾರ್ನಿಂಗ್ ಆ ಗ್ರೀನ್ ನೋಡಿ ಹ್ಯಾಪಿ ಆಗಿ ಆಫೀಸಿಗೆ ಹೋಗ್ತಿದ್ದೆ ಅಮ್ಮ. ನೀನು ಚೇರಲ್ಲಿ ಕೂತ್ಕೊಂಡು ಉಸಿರಾಡಕ್ಕೆ ಆಗದೆ ಇದ್ದೆ. ನಾನು ಹಾರ್ಟ್ ಕಳಿಸ್ತಿದ್ದೆ."

"ನೀನು ನಿದ್ದೆಗಣ್ಣಲ್ಲಿ ಕಾರ್ ಓಡಿಸ್ಕೊಂಡು ಬರ್ತೀಯ ಅಂತ ಭಯ ಪುಟ್ಟ."

"ಅದಕ್ಕೆ ಸುಳ್ಳಾ?"

"ಮತ್ತೇನು ಮಾಡ್ಲಿ?"

ಅವಳು ಕಾಲು ಒತ್ತುತ್ತಲೇ ಇದ್ದಳು. "ಡೀಲ್ ಮಾಡೋಣ. ನೀನು ನಿಜ ಹೇಳು. ನಾನು ರೆಡ್ ನೋಡಿದ್ರೂ ಓಡಿ ಬರಲ್ಲ. ಫೋನ್ ಮಾಡಿ ಕೇಳ್ತೀನಿ. ನೀನು 'ಬಾ' ಅಂದ್ರೆ ಮಾತ್ರ ಬರ್ತೀನಿ. ಬಟ್, ಬೇಕಾದಾಗ 'ಬಾ' ಅನ್ನಬೇಕು. ಅನ್ನದೇ ಇರಬಾರದು."

ಆಯಿತು ಎಂದೆ. ಹೇಳುವುದು ಸುಲಭವಾಗಿರಲಿಲ್ಲ. ಈ ದೇಶಕ್ಕೆ ಬಂದ ಮೇಲೆ ನಾನು ಯಾರಿಗೂ ಬಾ ಎಂದು ಕರೆದವಳಲ್ಲ, ಹೆರಿಗೆಗೂ ಅಮ್ಮನನ್ನು ಕರೆಸಿಕೊಳ್ಳಲಿಲ್ಲ. ಹೊರಡುವ ದಿನ ಡಾಕ್ಟರು, ಈ ಕಾಯಿಲೆ ಕೆಲವರ ಮನೆತನದಲ್ಲಿ ಬರುತ್ತದೆ, ಮಗಳೂ ಒಮ್ಮೆ ಹೃದಯದ ಸ್ಕ್ಯಾನ್ ಮಾಡಿಸಲಿ ಎಂದರು. ಅನಘಾ ತಲೆಯಾಡಿಸಿ ಫೋನಿನಲ್ಲಿ ಬರೆದುಕೊಂಡಳು.

ಮನೆಗೆ ಬಂದ ಮೂರನೇ ದಿನ ಟಾಂಗ್ ದಾಜ್ಯೇ ಬಂದರು, ಜೊತೆಗೆ ಅವರ ಮಗಳು ಜಿಂಗ್. ಕೈಯಲ್ಲಿ ಉಪ್ಪಿಲ್ಲದೆ ಬೇಯಿಸಿದ ಮೊಟ್ಟೆಯ ಡಬ್ಬಿ. ನಾವು ಮೊಟ್ಟೆ ತಿನ್ನುವುದಿಲ್ಲ ಅಂತ ಹೇಳಲು ಶ್ರೀಧರ ಬಾಯಿ ತೆರೆದರು, ನಾನು ಕಣ್ಣಲ್ಲೇ ಸುಮ್ಮನಿರಿಸಿದೆ. ನೋಟ್‌ಬುಕ್ ನೋಡಿ ಡಾಕ್ಟರು ದಾಜ್ಯೇಯ ಮಾತ್ರೆಯನ್ನೂ ಬದಲಾಯಿಸಿದ್ದರಂತೆ. ಅವರ ಬಿ.ಪಿ. ಆರು ತಿಂಗಳಿಂದ ಹೆಚ್ಚೇ ಇತ್ತು. ಜಿಂಗ್ ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟಿದ್ದಳು. ಮೂರನೇ ದಿನ ನೋಟ್‌ಬುಕ್ಕಿನ ಪುಟಗಳನ್ನೆಲ್ಲ ಕೂತು ಓದಿ ಅತ್ತಳಂತೆ. "ಶೀ ರೋಟ್ ಎವೆರಿಥಿಂಗ್," ಎಂದು ಜಿಂಗ್ ನನಗೆ ಹೇಳಿದಳು. "ಯಾವ ದಿನ ತಲೆ ಸುತ್ತಿತು, ಯಾವ ದಿನ ನನಗೆ ಹೇಳಬೇಕು ಅನ್ನಿಸಿತು, ಅದನ್ನೂ ಬರೆದಿದ್ದಾಳೆ. ನಾನೇ ಯಾವತ್ತೂ ಅವಳ ಪುಸ್ತಕ ತೆರೆದು ನೋಡಿರಲಿಲ್ಲ."

ದಾಜ್ಯೇ ಸೋಫಾದ ತುದಿಯಲ್ಲಿ ಕೂತಿದ್ದರು. ನಾನು ಕೋಪದಲ್ಲಿದ್ದೇನೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತು, ಕಾಲು ಚಾಚಿ ಸಲ್ವಾರ್ ಮೇಲೆ ಸರಿಸಿದೆ. ಅವರು ಹೆಬ್ಬೆಟ್ಟು ಒತ್ತಿದರು. ತೆಗೆದ ತಕ್ಷಣ ಕಾಲು ಮೊದಲಿನಂತಾಯಿತು. ಅವರು ನನ್ನ ಮೊಣಕಾಲಿನ ಮೇಲೆ ಒಂದು ಪೆಟ್ಟು ಕೊಟ್ಟರು, ಜೋರಾಗಿಯೇ. ಫೋನು ಯಾರೂ ತೆಗೆಯಲಿಲ್ಲ.

ಈಗ ಒಂದೂವರೆ ವರ್ಷವಾಯಿತು. ನನ್ನ ಇಪ್ಪತ್ತೆಂಟು ನಲವತ್ತಕ್ಕೆ ಬಂದಿದೆ, ಅರವತ್ತಾಗುವುದಿಲ್ಲ, ಅಷ್ಟರಲ್ಲೇ ಬದುಕುತ್ತಿದ್ದೇನೆ. ಬುಧವಾರದ ಕ್ಲಾಸಿಗೆ ಹೋಗುತ್ತೇನೆ. ಕೋಡ್ ಅವರವರ ಫೋನಿಗೇ ಬರುವಂತೆ ಮಾಡಿಕೊಡುವುದು ನನ್ನ ಕೆಲಸ. ಕಳ್ಳ ರೀಡಿಂಗ್ ಹಿಡಿಯುವುದು ದಾಜ್ಯೇಯ ಕೆಲಸ. ಯಾರಾದರೂ ಅಜ್ಜ ತಮ್ಮ ಹಸಿರುಗಳನ್ನು ಹೆಮ್ಮೆಯಿಂದ ತೋರಿಸಿದರೆ ದಾಜ್ಯೇ ಅವರ ಪಕ್ಕ ಕೂತು, ಇನ್ನೆರಡು ಎಲ್ಲಿ ಎಂದು ಚೀನೀ ಭಾಷೆಯಲ್ಲಿ ಕೇಳುತ್ತಾರೆ. ಆ ಮುದುಕರ ಮುಖ ಬಾಡುವುದನ್ನು ನೋಡಬೇಕು. ನಮ್ಮ ಬಣ್ಣ ವಾರಕ್ಕೆ ಒಂದೆರಡು ಸಲ ಹಳದಿಯಾಗುತ್ತದೆ. ಅನಘಾ ಫೋನ್ ಮಾಡುತ್ತಾಳೆ, ಕೇಳುತ್ತಾಳೆ, ನಾನು ಹೇಳುತ್ತೇನೆ. ಎರಡು ಸಲ 'ಬಾ' ಎಂದಿದ್ದೇನೆ, ಬಂದಿದ್ದಾಳೆ.

ತನ್ನ ಸ್ಕ್ಯಾನನ್ನು ಮಾತ್ರ ಅವಳು ಮುಂದೂಡುತ್ತಲೇ ಬಂದಳು. ಕೆಲಸ, ಪ್ರಯಾಣ, ಅಪಾಯಿಂಟ್‌ಮೆಂಟ್ ಸಿಗಲಿಲ್ಲ. ಕೇಳಿದರೆ, "ಮಾಡಿಸ್ತೀನಿ ಅಮ್ಮ, ಐ ಆ್ಯಮ್ ಫೈನ್," ಅನ್ನುತ್ತಿದ್ದಳು. ಕಳೆದ ಬುಧವಾರ ಬೆಳಿಗ್ಗೆ, ಕ್ಲಾಸು ಶುರುವಾಗಿ ಸ್ವಲ್ಪ ಹೊತ್ತಿಗೆ, ನನ್ನ ಫೋನು ಟಿಂಗ್ ಎಂದಿತು. ಅವಳ ಆಸ್ಪತ್ರೆಯ ಆ್ಯಪಿನ ಚಿತ್ರ ತೆಗೆದು ಕಳಿಸಿದ್ದಳು. ನನ್ನ ಕಣ್ಣು ನೇರವಾಗಿ ಆ ಒಂದು ಸಾಲಿಗೆ ಹೋಯಿತು. ನಲವತ್ತೆಂಟು. ಕೆಟ್ಟದ್ದಲ್ಲ, ಒಳ್ಳೆಯದೂ ಅಲ್ಲ. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಅವಳ ಕನ್ನಡ: "ಅಮ್ಮ, ರಿಸಲ್ಟ್ ಈಗ ಬಂತು. ಡಾಕ್ಟರ್ ಇನ್ನೂ ಕಾಲ್ ಮಾಡಿಲ್ಲ. ವರಿ ಮಾಡ್ಬೇಡ. ನಾನು ಓಕೆ."

ಕೋಣೆಯಲ್ಲಿ ಯಾರೋ ಕೋಡಿನ ಅಂಕಿಗಳನ್ನು ಜೋರಾಗಿ ಓದುತ್ತಿದ್ದರು. ಮಗುವಿಗೆ ಕೊಡಬಾರದ್ದನ್ನು ಕೊಟ್ಟುಬಿಟ್ಟೆ ಅನ್ನಿಸಿತು. ಎದ್ದು ಕಾರಿನ ಕಡೆ ಓಡಬೇಕು ಅನ್ನಿಸಿತು. ಓಡಿ ಬರುವುದಿಲ್ಲ ಅನ್ನುವುದು ಒಪ್ಪಂದ, ಅದು ನನಗೂ ಅನ್ವಯಿಸುತ್ತದೆ. ದಾಜ್ಯೇ ಫೋನಿನ ಮೇಲೆ ಬಗ್ಗಿ ಆ ಸಂಖ್ಯೆ ನೋಡಿದರು, ನನ್ನ ಮುಖ ನೋಡಿದರು, ಕುರ್ಚಿ ಹತ್ತಿರ ಎಳೆದುಕೊಂಡರು.

ಟೈಪ್ ಮಾಡಿದೆ: "ನೋಡಿದೆ ಪುಟ್ಟ. ಹೇಳಿದ್ದು ಒಳ್ಳೇದಾಯ್ತು. 'ನಾನು ಓಕೆ' ಅನ್ನೋದು ನಿಜವಾದ ರೀಡಿಂಗಾ?"

ಅವಳು ಬರೆಯುತ್ತಿದ್ದಾಳೆ ಅನ್ನುವುದಕ್ಕೆ ಮೂರು ಚುಕ್ಕಿ ಕಾಣಿಸಿದವು. ಹೋದವು. ಮತ್ತೆ ಬಂದವು, ಮತ್ತೆ ಹೋದವು. ನಾನು ಕಾದೆ.

"ಇಲ್ಲ," ಎಂದು ಬಂತು. ಅದರ ಕೆಳಗೆ ಇನ್ನೊಂದು ಸಾಲು. "ಬಾ ಅಮ್ಮ."

ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಶ್ರೀಧರ ಮತ್ತು ನಾನು ಅವಳ ಊರಿನ ಅರ್ಧ ದಾರಿಯ ರಿಚ್ಮಂಡ್ ದಾಟಿದ್ದೆವು.